ಕಂಬದ ಮೇಲೆ ಆಳಿದಾನೆ

ಫಾರಂ ನಾಲ್ಕು ಪುಟದ್ದು. ಹೆಸರು, ವಯಸ್ಸು, ಯಾವ ಊಟ ಒಗ್ಗುವುದಿಲ್ಲ, ನಿದ್ದೆ ಹೇಗೆ, ಸಕ್ಕರೆ ಕಾಯಿಲೆ ಇದೆಯೇ, ಸ್ನಾನ ತಾವೇ ಮಾಡುತ್ತಾರೆಯೇ. ಒಂದೇ ಸಂಜೆ ಕೂತು ತುಂಬಿದೆ. ತುಮಕೂರಿನ ಒಂದು ಶಾಲೆಯ ಆಫೀಸಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಅಡ್ಮಿಷನ್ ಫಾರಂ ತುಂಬಿಸಿಕೊಂಡವಳು ನಾನು. ಖಾಲಿ ಜಾಗ ಕಂಡರೆ ಮಕ್ಕಳ ತಂದೆತಾಯಿಗೆ ನಾಲ್ಕು ಮಾತು ಅಂದು ವಾಪಸ್ ಕಳಿಸುತ್ತೇನೆ. ಅಂಥವಳು ಮೂರನೇ ಪುಟದ ಕೊನೆಯ ಪ್ರಶ್ನೆಯನ್ನು ಖಾಲಿ ಬಿಟ್ಟು ಪೆನ್ನಿನ ಮುಚ್ಚಳ ಹಾಕಿದೆ. ‘ಇವರಿಂದ ಬೇರೆಯವರಿಗೆ ಯಾವಾಗಲಾದರೂ ಪೆಟ್ಟಾಗಿದೆಯೇ? ಆಗಿದ್ದರೆ ವಿವರ ಬರೆಯಿರಿ.’

‘ಹೌದು’ ಎಂದು ಬರೆದರೆ ಏನಾಗುತ್ತದೆ ಎಂಬುದನ್ನು, ಅಪ್ಪನನ್ನು ಸೇರಿಸಲಿದ್ದ ವೃದ್ಧರ ಹೋಮಿನ ಮೇಲ್ವಿಚಾರಕಿ ಮೊದಲೇ ಹೇಳಿದ್ದರು. ಗೂಳೂರಿನ ಹತ್ತಿರ, ಕುಣಿಗಲ್ ರಸ್ತೆಯಿಂದ ಸ್ವಲ್ಪ ಒಳಗಿರುವ ಆ ಮನೆಯಲ್ಲಿ ಎರಡು ಭಾಗ. ಮುಂದಿನ ಭಾಗದಲ್ಲಿ ಅಂಗಳ, ಎರಡು ಬೇವಿನ ಮರ, ಹಗಲೆಲ್ಲ ತೆರೆದಿರುವ ಕೋಣೆಗಳು. ಹಿಂದಿನ ಭಾಗಕ್ಕೆ ಗ್ರಿಲ್ಲು, ಗ್ರಿಲ್ಲಿಗೆ ಬೀಗ. ಹೊಡೆಯುವವರು, ಎಸೆಯುವವರು, ಒಮ್ಮೆಯಾದರೂ ಯಾರಿಗಾದರೂ ಗಾಯ ಮಾಡಿದವರು ಹಿಂದಿನ ಭಾಗಕ್ಕೆ ಹೋಗಬೇಕು. ಮುಂದಿನ ಭಾಗದವರು ಹಿಂದಕ್ಕೆ ಹೋಗುವುದುಂಟು, ಹಿಂದಿನವರು ಮುಂದಕ್ಕೆ ಬಂದದ್ದು ತಾನು ನೋಡಿಲ್ಲ ಎಂದೂ ಆಕೆ ಹೇಳಿದರು. ನೇರ ಮಾತಿನ ಹೆಂಗಸು. ನನಗೆ ಹಿಡಿಸಿದರು.

ಅಪ್ಪನಿಂದ ಪೆಟ್ಟಾಗಿತ್ತು. ನನ್ನ ಗಂಡನ ಬಲಗೈ ಮಣಿಕಟ್ಟಿನ ಹತ್ತಿರ ಮುರಿದಿತ್ತು. ಇದು ಮನೆಯವರಿಗೆ, ನೆಂಟರಿಗೆ, ಬೀದಿಯವರಿಗೆ ಎಲ್ಲರಿಗೂ ಗೊತ್ತಿದ್ದ ಸಂಗತಿ. ಇದಕ್ಕೆ ಇನ್ನೊಂದು ಅರ್ಧ ಇದೆ, ಅದು ನನ್ನೊಬ್ಬಳಿಗೇ ಗೊತ್ತು ಎಂದು ನಾನು ತಿಳಿದಿದ್ದೆ.

ಅಪ್ಪ ಕರೆಂಟ್ ಇಲಾಖೆಯಲ್ಲಿದ್ದವರು. ಮೊದಲು ಗುಬ್ಬಿ ತಾಲ್ಲೂಕಿನ ಹಳ್ಳಿಗಳಲ್ಲಿ ಕಂಬ ಹತ್ತಿದರು. ಮಂಡಿ ಕೆಟ್ಟ ಮೇಲೆ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆಗಿ ಕೂತರು. ಅಲ್ಲಿ ಅವರ ಕೈಯಲ್ಲಿದ್ದ ದೊಡ್ಡ ಕೆಲಸ ಅಂದರೆ ಎಲ್‌ಸಿ ಕೊಡುವುದು. ಎಲ್‌ಸಿ ಅಂದರೆ ಲೈನ್ ಕ್ಲಿಯರ್. ಕಂಬ ಹತ್ತುವ ಲೈನ್‌ಮನ್ ಮೊದಲು ಸ್ಟೇಷನ್ನಿಗೆ ತಿಳಿಸಿ ಎಲ್‌ಸಿ ಕೇಳಬೇಕು. ಆಪರೇಟರ್ ಆ ಲೈನಿನ ಕರೆಂಟ್ ತೆಗೆದು, ಪುಸ್ತಕದಲ್ಲಿ ಕೇಳಿದವನ ಹೆಸರು, ಹೊತ್ತು ಬರೆದು, ‘ಆಳು ಕೆಲಸ ಮಾಡುತ್ತಿದ್ದಾರೆ, ಸ್ವಿಚ್ ಹಾಕಬೇಡಿ’ ಎಂಬ ಬೋರ್ಡನ್ನು ನೇತುಹಾಕುತ್ತಾನೆ. ಕೆಲಸ ಮುಗಿಸಿ ಇಳಿದ ಮೇಲೆ, ತಗೊಂಡವನೇ ‘ಎಲ್‌ಸಿ ವಾಪಸ್’ ಎಂದು ಹೇಳಬೇಕು. ಆಮೇಲೆ ಲೈನ್ ಚಾರ್ಜ್ ಮಾಡುವುದು, ಅಂದರೆ ಕರೆಂಟ್ ಬಿಡುವುದು. ಬೇರೆ ಯಾರು ಬಂದು ಹೇಳಿದರೂ, ಇಂಜಿನಿಯರೇ ಬಂದು ನಿಂತರೂ, ತಗೊಂಡವನ ಬಾಯಿಂದ ಬಾರದೆ ಸ್ವಿಚ್ ಮುಟ್ಟುವಂತಿಲ್ಲ.

ಈ ವಿಷಯದಲ್ಲಿ ಅಪ್ಪ ಮೊಂಡರು. ಒಮ್ಮೆ ಗುಬ್ಬಿಯಲ್ಲಿ ಯಾರೋ ದೊಡ್ಡವರ ಮನೆ ಮದುವೆ. ಮುಹೂರ್ತದ ಹೊತ್ತಿಗೆ ಕರೆಂಟಿಲ್ಲ. ಕೆಲಸ ಮುಗಿದಿದೆ ಎಂದು ಕಂಡವರೆಲ್ಲ ಹೇಳುತ್ತಿದ್ದಾರೆ, ಆದರೆ ಎಲ್‌ಸಿ ತಗೊಂಡ ಲೈನ್‌ಮನ್ ಇನ್ನೂ ತಿಳಿಸಿಲ್ಲ. ಹೆಣ್ಣಿನ ತಂದೆ ಸ್ಟೇಷನ್ನಿಗೇ ಬಂದು ಕೂಗಾಡಿದರಂತೆ. ಅಪ್ಪ ಅವರನ್ನು ಕೂರಿಸಿ, ಡಬ್ಬಿಯಲ್ಲಿದ್ದ ಮಜ್ಜಿಗೆ ಕೊಟ್ಟು, “ಕರೆಂಟಿಲ್ದೆ ತಾಳಿ ಕಟ್ಬೋದು ಸ್ವಾಮಿ, ಆಳಿಲ್ದೆ ಅವರ ಮನೆಯೋರು ಏನ್ ಮಾಡ್ತಾರೆ?” ಅಂದರಂತೆ. ಲೈನ್‌ಮನ್ ಸೈಕಲ್ಲಿನಲ್ಲಿ ಬಂದು ಹೇಳುವ ಹೊತ್ತಿಗೆ ತಾಳಿ ಕಟ್ಟಿ ಆಗಿತ್ತು. ಸೈನ್ ಹಾಕಲು ಬಂದವನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿ, ಸುಟ್ಟಿಲ್ಲ, ಸೀಳಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಅಪ್ಪ ಪುಸ್ತಕ ಮುಂದಿಡುತ್ತಿದ್ದದ್ದು. ಅವರು ಕೂತಿದ್ದಷ್ಟು ವರ್ಷ ಅವರ ಲೈನಿನಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ನಮಗೆ ಚಿಕ್ಕಂದಿನಲ್ಲಿ ಇದು ಹೇಳಿಕೊಳ್ಳುವಂಥ ಸಾಧನೆ ಎನಿಸಿರಲಿಲ್ಲ. ಏನೂ ಆಗದೇ ಇರುವುದನ್ನು ಯಾರು ತಾನೇ ಹೇಳಿಕೊಳ್ಳುತ್ತಾರೆ.

ಅಮ್ಮ ತೀರಿಕೊಂಡ ಮೇಲೆ ಗುಬ್ಬಿಯ ಮನೆಯನ್ನು ಬಾಡಿಗೆಗೆ ಕೊಟ್ಟು ಅಪ್ಪ ತುಮಕೂರಿಗೆ, ನಮ್ಮ ಮನೆಗೆ ಬಂದರು. ಎರಡು ವರ್ಷ ಚೆನ್ನಾಗಿದ್ದರು. ತರಕಾರಿ ತರುತ್ತಿದ್ದರು, ಪೇಪರ್ ಓದಿ ಸರ್ಕಾರವನ್ನು ಬೈಯುತ್ತಿದ್ದರು. ಆಮೇಲೆ ಒಂದು ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಗುಬ್ಬಿ ಬಸ್ಸು ಹತ್ತಿದರು. “ಶಿಫ್ಟಿಗೆ ಹೊತ್ತಾಯ್ತು,” ಎಂದರಂತೆ ಕಂಡಕ್ಟರಿಗೆ. ಡಬ್ಬಿಯಲ್ಲಿ ಊಟ ಇರಲಿಲ್ಲ, ನನ್ನ ಹೊಲಿಗೆಯ ದಾರದುಂಡೆಗಳಿದ್ದವು. ಡಾಕ್ಟರು ಪರೀಕ್ಷೆ ಮಾಡಿಸಿ ಡಿಮೆನ್ಶಿಯಾ ಎಂದರು. ಗುಬ್ಬಿಯಲ್ಲಿರುವ ಸೋದರತ್ತೆ, ಅಪ್ಪನ ತಂಗಿ, “ಅದಕ್ಯಾಕೆ ಇಂಗ್ಲಿಷ್ ಹೆಸ್ರು? ಅರವತ್ತಕ್ಕೆ ಅರಳು ಮರಳು, ನಮ್ಮಣ್ಣಂಗೆ ಎಪ್ಪತ್ತೈದಕ್ಕೆ ಬಂದಿದೆ, ಪುಣ್ಯವಂತ,” ಎಂದರು.

ಅರಳು ಮರಳಿನಲ್ಲಿ ಅಪ್ಪ ಎಲ್ಲ ಮರೆತರು, ಡ್ಯೂಟಿ ಮರೆಯಲಿಲ್ಲ. ಮುಂಬಾಗಿಲ ಪಕ್ಕದಲ್ಲಿರುವ ಮೇನ್ ಸ್ವಿಚ್ಚನ್ನು ತೆಗೆದುಬಿಡುವುದು, ಸ್ವೀಟ್ ಡಬ್ಬದ ರಟ್ಟಿನಲ್ಲಿ ತಾವೇ ಬರೆದ ಬೋರ್ಡನ್ನು ಅದಕ್ಕೆ ನೇತುಹಾಕುವುದು, ಕುರ್ಚಿ ಎಳೆದುಕೊಂಡು ಮುಂದೆ ಕೂರುವುದು. ಕೇಳಿದರೆ ಒಂದೇ ಮಾತು: “ಕಂಬದ ಮೇಲೆ ಆಳಿದಾನೆ.” ದಿನಕ್ಕೆ ಮೂರು ಸಲ, ಕೆಲವು ದಿನ ಏಳೆಂಟು ಸಲ. ಫ್ರಿಜ್ಜಿನಲ್ಲಿ ಹಾಲು ಒಡೆಯುತ್ತಿತ್ತು, ಟ್ಯಾಂಕಿಗೆ ನೀರು ಏರುತ್ತಿರಲಿಲ್ಲ, ಮಿಕ್ಸಿಯಲ್ಲಿ ಅರ್ಧ ರುಬ್ಬಿದ ಚಟ್ನಿ ಹಾಗೇ ಕೂತಿರುತ್ತಿತ್ತು. ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಹಾಕಿ ನೋಡಿದೆವು. ಅಪ್ಪ ಅದರ ಮುಂದೆ ನಿಂತು, “ಸಾಯಿಸ್ತೀರಾ ಅವನ್ನ, ಸಾಯಿಸ್ತೀರಾ,” ಎಂದು ಅತ್ತರು. ಅಪ್ಪ ಅತ್ತದ್ದನ್ನು ಅಮ್ಮ ಹೋದಾಗಲೂ ನಾನು ನೋಡಿರಲಿಲ್ಲ. ಅವತ್ತೇ ಬೀಗ ತೆಗೆದೆವು.

ಉಪಾಯ ಕಂಡುಹಿಡಿದದ್ದು ನನ್ನ ಗಂಡ. ಅವರು ಹಿರೇಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಮೆಷಿನ್ ರಿಪೇರಿ ವಿಭಾಗದಲ್ಲಿದ್ದಾರೆ, ಈ ಭಾಷೆ ಅವರಿಗೆ ಬರುತ್ತದೆ, ಲೈನಿಗೆ ಫೀಡರ್ ಅನ್ನುವುದೂ ಗೊತ್ತು. ಒಂದು ದಿನ ಲುಂಗಿಯಲ್ಲೇ ಅಪ್ಪನ ಮುಂದೆ ನೆಟ್ಟಗೆ ನಿಂತು, “ಸಾರ್, ನಾಲ್ಕನೇ ಫೀಡರ್, ಎಲ್‌ಸಿ ವಾಪಸ್. ಆಳು ಇಳಿದವ್ನೆ, ಏಣಿ ತೆಗ್ದಿದೀವಿ,” ಎಂದರು. ಅಪ್ಪನ ಮುಖ ಅರಳಿತು. ಗೊಬ್ಬರದ ಅಂಗಡಿಯವರು ಕೊಟ್ಟ ಡೈರಿ ತೆಗೆದು ಹೊತ್ತು ಬರೆದರು, ಅಳಿಯನ ಕೈಲಿ ಸೈನ್ ಮಾಡಿಸಿಕೊಂಡರು, ಅಂಗೈ ನೋಡಿದರು, ಸ್ವಿಚ್ ಹಾಕಿದರು. ನಾಟಕ ಹತ್ತು ನಿಮಿಷದ್ದು. ನಾವಿಬ್ಬರೂ ಅಡುಗೆಮನೆಗೆ ಹೋಗಿ ನಕ್ಕೆವು. ಬಹಳ ದಿನದ ಮೇಲೆ ನಕ್ಕದ್ದು.

ಹತ್ತು ನಿಮಿಷದ ನಾಟಕವನ್ನು ದಿನಕ್ಕೆ ಎಂಟು ಸಲ ಆಡಲು ಯಾರಿಗಾಗುತ್ತದೆ? ಸೈನ್ ಮೊದಲು ಹೋಯಿತು. ಆಮೇಲೆ ಏಣಿ, ಫೀಡರ್ ನಂಬರ್ ಎಲ್ಲ ಹೋದವು. ಕೊನೆಗೆ ನಾನು ಒಲೆಯ ಮುಂದೆ ನಿಂತಲ್ಲಿಂದಲೇ, “ಅಪ್ಪಾ, ಎಲ್‌ಸಿ ವಾಪಸ್!” ಎಂದು ಕೂಗುವುದು ಅಭ್ಯಾಸವಾಯಿತು. ಅಪ್ಪ ಒಂದೆರಡು ಪ್ರಶ್ನೆ ಕೇಳುತ್ತಿದ್ದರು, ನಾನು ಹೂಂ ಹೂಂ ಅನ್ನುತ್ತಿದ್ದೆ, ಸ್ವಿಚ್ ಬೀಳುತ್ತಿತ್ತು. ಪಕ್ಕದ ಮನೆಯವರು ಕೂಡ ಕಲಿತುಬಿಟ್ಟಿದ್ದರು. ಅಪ್ಪ ಇಡೀ ಬದುಕಿನಲ್ಲಿ ಯಾರಿಗೂ ಸುಲಭವಾಗಿ ಬಿಟ್ಟುಕೊಡದ ಮಾತು ನಮ್ಮ ಮನೆಯಲ್ಲಿ ಕಾಸಿಗೊಂದು ಕೊಸರಿಗೊಂದಾಯಿತು.

ಅದೊಂದು ಭಾನುವಾರದ ಬೆಳಿಗ್ಗೆ. ಗಂಡ ಬಚ್ಚಲಿನಲ್ಲಿ ಗೀಸರಿನ ವೈರ್ ಬದಲಾಯಿಸುತ್ತೇನೆ, ಮೇನ್ ತೆಗೆಯುತ್ತಿದ್ದೇನೆ ಎಂದು ನನಗೆ ಹೇಳಿ ಹೋಗಿದ್ದರು. ನಾನು ಅಕ್ಕಿ ಆರಿಸುತ್ತಾ ‘ಹೂಂ’ ಎಂದೆನಂತೆ. ಕೇಳಿಸಿಕೊಂಡಿರಲಿಲ್ಲ. ದೋಸೆಗೆ ಚಟ್ನಿ ರುಬ್ಬಲು ಹೋದರೆ ಕರೆಂಟಿಲ್ಲ. ಬಗ್ಗಿ ನೋಡಿದರೆ ಅಪ್ಪ ಬೋರ್ಡ್ ನೇತುಹಾಕಿ ಕುರ್ಚಿಯಲ್ಲಿ ಕೂತಿದ್ದಾರೆ. ನನಗೆ ರೇಗಿತು. ಅವತ್ತಿಗೆ ಅದು ಮೂರನೇ ಸಲ.

“ಅಪ್ಪಾ, ಎಲ್‌ಸಿ ವಾಪಸ್!”

“ತಡಿ ಮಗ. ಕಂಬದ ಮೇಲೆ ಆಳಿದಾನೆ.”

“ಇಳಿದ ಅಪ್ಪಾ.”

“ತಗೊಂಡೋನು ನೀನಲ್ವಲ್ಲ.”

“ನಾನೇ ತಗೊಂಡಿದ್ದು. ಹಾಕಪ್ಪ, ದೋಸೆಗೆ ಹೊತ್ತಾಗ್ತಿದೆ.”

ಅಪ್ಪ ಎದ್ದು ಅಡುಗೆಮನೆ ಬಾಗಿಲಿಗೆ ಬಂದರು. ನನ್ನ ಮುಖ ನೋಡಿ ಕೇಳಿದರು: “ಇಳಿದಿದ್ನ ಕಣ್ಣಾರೆ ಕಂಡ್ಯಾ?”

“ಕಂಡೆ,” ಎಂದೆ.

ಅವರು ಹೋಗಿ ಬೋರ್ಡ್ ತೆಗೆದು ಸ್ವಿಚ್ ಹಾಕಿದರು. ಮಿಕ್ಸಿ ಗುರ್ ಎಂದಿತು. ಬಚ್ಚಲಿನಲ್ಲಿ ಏನೋ ಬಿದ್ದ ಸದ್ದಾಯಿತು.

ಗಂಡನಿಗೆ ಶಾಕ್ ಹೊಡೆದದ್ದು ಒಂದು ಕ್ಷಣ, ಅದರಿಂದ ಏನೂ ಆಗಲಿಲ್ಲ. ಸ್ಟೂಲಿನಿಂದ ಬಿದ್ದದ್ದರಲ್ಲಿ ಕೈ ಮುರಿಯಿತು. ಆಸ್ಪತ್ರೆ, ಎಕ್ಸ್‌ರೇ, ಸ್ಟೀಲ್ ಪ್ಲೇಟು, ಎರಡು ತಿಂಗಳು ಫ್ಯಾಕ್ಟರಿಗೆ ರಜೆ. ಆಟೋ ಬರುವವರೆಗೂ ಅಪ್ಪ ಬಚ್ಚಲಿನ ಬಾಗಿಲಲ್ಲಿ ನಿಂತು ಒಂದೇ ಪ್ರಶ್ನೆ ಕೇಳುತ್ತಿದ್ದರು. “ಎಲ್‌ಸಿ ವಾಪಸ್ ಕೊಟ್ಟೋರು ಯಾರು?” ಅಕ್ಕಪಕ್ಕದವರು ಬಂದಿದ್ದರು. ಪಾಪ, ಅರಳು ಮರಳು ಎಂದುಕೊಂಡು ಅವರನ್ನು ಒಳಗೆ ಕರೆದುಕೊಂಡು ಹೋದರು. ಎರಡು ದಿನ ಅಪ್ಪ ಅದನ್ನೇ ಕೇಳಿದರು, ನನ್ನನ್ನೂ ಕೇಳಿದರು. ನಾನು ಮಾತ್ರೆ ಕೊಟ್ಟು ಮಲಗಿಸಿದೆ. ಮೂರನೇ ದಿನ ಮರೆತರು. ಅವರು ಮರೆತದ್ದು ನನಗೆ ಸಂತೋಷವಾಯಿತು. ಅಷ್ಟು ದಿನ ಆ ಕಾಯಿಲೆಯನ್ನು ಶಪಿಸಿದವಳು ಅವತ್ತು ಅದಕ್ಕೆ ಮನಸ್ಸಿನಲ್ಲೇ ಕೈ ಮುಗಿದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ತಮ್ಮನಿಗೆ ಫೋನ್ ಮಾಡಿ, “ಭಾವ ವೈರ್ ಕೆಲಸ ಮಾಡ್ತಿದ್ರು, ಅಪ್ಪ ಮೇನ್ ಹಾಕ್ಬಿಟ್ರು ಕಣೋ,” ಎಂದೆ. ಅದರಲ್ಲಿ ಸುಳ್ಳೇನಿಲ್ಲ. ಸೋದರತ್ತೆಗೂ ಅದೇ ಮಾತು, ಶಾಲೆಯಲ್ಲೂ ಅದೇ ಮಾತು. ನಾಲ್ಕು ಸಲ ಹೇಳಿದ ಮೇಲೆ ನನಗೇ ಅದು ಪೂರ್ತಿ ಕತೆ ಅನ್ನಿಸತೊಡಗಿತು. ಯಾರಾದರೂ “ಆಗ ನೀನೆಲ್ಲಿದ್ದೆ?” ಎಂದರೆ ಮಾತ್ರ ಧ್ವನಿ ಜೋರಾಗುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ತಮ್ಮ ಇರುವುದು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಲ್ಲಿ, ಹೆಂಡತಿಯ ಊರಿನಲ್ಲಿ. ಕುಣಿಗಲ್ಲಿನ ಒಂದು ಸೊಸೈಟಿಯಲ್ಲಿ ಗುಮಾಸ್ತ, ಉಳಿದ ಹೊತ್ತು ಮಾವನ ತೆಂಗಿನ ತೋಟ. ಮನೆ ಅಳಿಯ ಎಂದು ನಾನು ಅವನ ಕಾಲೆಳೆಯುವುದುಂಟು. ಭಾವನ ಕೈ ಕೂಡುವವರೆಗೆ ತಾನು ನೋಡಿಕೊಳ್ಳುತ್ತೇನೆ ಎಂದು ಅಪ್ಪನನ್ನು ಕರೆದುಕೊಂಡು ಹೋದ. ಅಲ್ಲಿ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಬರುವುದೇ ದಿನಕ್ಕೆ ಕೆಲವು ತಾಸು. ಅಪ್ಪ ಆ ಹೊತ್ತು ನೋಡಿಕೊಂಡೇ ತೋಟದ ಮೋಟರ್ ನಿಲ್ಲಿಸಿ ಬೋರ್ಡ್ ಹಾಕಿ ಕೂರತೊಡಗಿದರು. ಮನೆಯದು ಮುಗಿದ ಮೇಲೆ ಪಕ್ಕದ ತೋಟದವರದು. ಅವರಲ್ಲೊಬ್ಬರು ಅಪ್ಪನ ರಟ್ಟೆ ಹಿಡಿದು ದಬ್ಬಿದರು, ಅಪ್ಪ ಬದುವಿನ ಮೇಲೆ ಬಿದ್ದರು. ಐದನೇ ವಾರ ತಮ್ಮ ಫೋನ್ ಮಾಡಿದ.

“ಅಕ್ಕಾ, ಆಗಲ್ಲ ಕಣಕ್ಕಾ.”

“ನನ್ ಕೈಲಾಗುತ್ತೆ ಅಂದ್ನೇನ್ಲಾ ನಾನು?” ಎಂದೆ.

ಆಮೇಲೆ ಅವನೇ ಗೂಳೂರಿನ ಹತ್ತಿರದ ಆ ಹೋಮಿನ ವಿಷಯ ಎತ್ತಿದ. ಬಸ್ಸಿನಲ್ಲಿ ಹೋಗಿ ಬರುವಾಗ ಅದರ ಬೋರ್ಡನ್ನು ನಾನೂ ನೋಡಿದ್ದೆ, ನೋಡಿದಾಗಲೆಲ್ಲ ಮುಖ ಆಚೆ ತಿರುಗಿಸಿದ್ದೆ. ನನಗೂ ಹತ್ತಿರ, ಅವನಿಗೂ ತೀರ ದೂರವಲ್ಲ. ಸೋದರತ್ತೆಗೆ ಗೊತ್ತಾಗಿ, “ಹೆಣ್ಮಗಳಾಗಿ ನೀನು ಹಿಂಗ್ ಮಾಡ್ಬೋದಾ? ಹೊಟ್ಟೇಗ್ ಅನ್ನ ತಿಂತೀಯಾ?” ಎಂದರು. ನಿಮ್ಮ ಮನೆಯಲ್ಲಿ ಒಂದು ತಿಂಗಳು ಇಟ್ಟುಕೊಳ್ಳಿ ಎಂದೆ. “ನನ್ ಸೊಂಟನೋವು ನಿಂಗೊತ್ತಲ್ಲಮ್ಮ,” ಎಂದರು. ಗೊತ್ತಿತ್ತು. ಆ ಸೊಂಟನೋವು ನಿಜವಾದದ್ದೇ. ಎಲ್ಲರ ಕಾರಣವೂ ನಿಜವಾದದ್ದೇ, ಅದರಿಂದಲೇ ಯಾರ ಮೇಲೂ ಸಿಟ್ಟು ಮಾಡಲು ಆಗುತ್ತಿರಲಿಲ್ಲ. ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು.

ಸೇರಿಸುವ ದಿನ ಹೋಮಿನ ಆಫೀಸಿನಲ್ಲಿ ನಾವು ಮೂವರೂ ಕೂತಿದ್ದೆವು, ನಾನು, ಗಂಡ, ತಮ್ಮ. ಅಪ್ಪ ಹೊರಗೆ ಬೇವಿನ ಮರದ ಕೆಳಗೆ ನಿಂತು ರಸ್ತೆಯ ಕಂಬವನ್ನು ನೋಡುತ್ತಿದ್ದರು. ಮೇಲ್ವಿಚಾರಕಿ ಫಾರಂ ತಿರುವಿ ಮೂರನೇ ಪುಟದಲ್ಲಿ ನಿಂತರು. ಹಿಂದೆ ನರ್ಸ್ ಆಗಿದ್ದವರು, ಅವರ ಕಣ್ಣು ತಪ್ಪಿಸುವುದು ಕಷ್ಟ.

“ಇದೊಂದು ಬಿಟ್ಟಿದೀರಲ್ಲ ಮೇಡಂ.”

ನಾನು ಬಾಯಿ ತೆರೆಯುವುದರೊಳಗೆ ತಮ್ಮ, “ಭಾವನ ಕೈ ಮುರಿದದ್ದು ಬರೀಬೇಕಲ್ವಾ ಅಕ್ಕ? ಮುಚ್ಚಿಟ್ಟು ಸೇರಿಸಿ, ನಾಳೆ ಇವರಿಗೆ ತೊಂದ್ರೆ ಆಗ್ಬಾರ್ದು,” ಎಂದು ಪೆನ್ನು ಕೈಗೆ ತೆಗೆದುಕೊಂಡ. ಅವನು ಪ್ರಾಮಾಣಿಕ. ಆ ಕೋಣೆಯಲ್ಲಿ ಪ್ರಾಮಾಣಿಕನಾಗಿದ್ದವನು ಅವನೊಬ್ಬನೇ. ಕಿಟಕಿಯಿಂದ ಹಿಂದಿನ ಭಾಗದ ಗ್ರಿಲ್ಲು ಕಾಣುತ್ತಿತ್ತು. ಅದರ ಒಳಗಿನಿಂದ ಒಬ್ಬ ಮುದುಕ ಕೈ ಹೊರಗೆ ಚಾಚಿ ಬೀಗವನ್ನು ಎಳೆದು ಎಳೆದು ನೋಡುತ್ತಿದ್ದ. ಎಷ್ಟು ಎಳೆದರೂ ಅವನಿಗೆ ಬೇಸರ ಬರುತ್ತಿರಲಿಲ್ಲ.

“ಬರೀಬೇಡ,” ಎಂದೆ.

“ಯಾಕಕ್ಕಾ?”

“ಅಪ್ಪ ಮಾಡಿದ್ದಲ್ಲ ಅದು. ನಾನು ಮಾಡಿದ್ದು.”

ಹೇಳಿದೆ. ಚಟ್ನಿಯಿಂದ ಹಿಡಿದು ಹೇಳಿದೆ. ಅಪ್ಪ ಎದ್ದು ಬಂದು ಕಣ್ಣಾರೆ ಕಂಡೆಯಾ ಎಂದದ್ದು, ನಾನು ಕಂಡೆ ಎಂದದ್ದು, ಎರಡು ದಿನ ಕೇಳಿದ ಪ್ರಶ್ನೆ, ನಾನು ಕೊಟ್ಟ ಮಾತ್ರೆ. ಅವತ್ತು ಇಡೀ ಮನೆಯಲ್ಲಿ ತಲೆ ಸರಿ ಇದ್ದವರು ಅಪ್ಪ ಒಬ್ಬರೇ ಎಂದೆ. ನಿಜವಾಗಿ ಮೇಲೆ ಒಬ್ಬ ಆಳಿದ್ದ, ಅವರು ಕಾವಲು ಕೂತಿದ್ದರು, ಎಬ್ಬಿಸಿ ಹಾಕಿಸಿದವಳು ನಾನು. ತಮ್ಮ ಪೆನ್ನು ಕೆಳಗಿಟ್ಟ. ಗಂಡನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

“ಗೊತ್ತು ಬುಡೇ,” ಎಂದರು ಅವರು.

“ಏನ್ ಗೊತ್ತು?”

“ಬಚ್ಚಲು ಅಡುಗೆಮನೆ ಗೋಡೆ ಒಂದೇ ಅಲ್ವಾ. ನೀನ್ ಕಂಡೆ ಅಂದಿದ್ದು ಕೇಳಿಸ್ತು. ಬ್ಯಾಡ ಅಂತ ಕೂಗೋಷ್ಟ್ರಲ್ಲಿ ಹೊಡೀತು.”

ಎರಡು ತಿಂಗಳು ಅವರಿಗೆ ನಾನು ಎಡಗೈಯಲ್ಲಿ ಊಟ ಮಾಡಲು ಕಲಿಸಿದ್ದೆ, ಅಂಗಿಯ ಗುಂಡಿ ಹಾಕಿದ್ದೆ. ಒಂದು ದಿನವೂ ಅವರು ಬಾಯಿ ಬಿಟ್ಟಿರಲಿಲ್ಲ. “ಮತ್ಯಾಕ್ರೀ ಹೇಳ್ಲಿಲ್ಲ?” ಎಂದೆ. ಸಿಟ್ಟೇ ಬಂದಿತ್ತು.

“ಹೇಳಿದ್ರೆ ನೀನು ಅವರ್ನ ಎಲ್ಲೂ ಬಿಡ್ತಿರ್ಲಿಲ್ಲ. ತಪ್ಪಿಗೆ ಅಂತ ಸಾಯೋಗಂಟ ಮಾಡ್ತಿದ್ದೆ. ನಿನ್ ಕೈಲಾಗ್ತಿರ್ಲಿಲ್ಲ.” ಆಮೇಲೆ ಸೇರಿಸಿದರು: “ನನ್ ಕೈಲೂ ಆಗ್ತಿರ್ಲಿಲ್ಲ ಕಣೇ.”

ತಮ್ಮ ನಮ್ಮಿಬ್ಬರನ್ನೂ ನೋಡಿ, “ಹಂಗಾದ್ರೆ... ಅಪ್ಪನ್ನ ವಾಪಸ್ ಕರ್ಕೊಂಡ್ ಹೋಗಣಾ?” ಎಂದ.

ತಪ್ಪು ಒಪ್ಪಿಕೊಂಡ ಮೇಲೆ ಮನಸ್ಸು ಕರಗುತ್ತದೆ, ಅಪ್ಪನ ಕೈ ಹಿಡಿದು ಮನೆಗೆ ನಡೆಯುತ್ತೇನೆ ಎಂದು ನಾನೂ ಎಲ್ಲೋ ಒಂದು ಮೂಲೆಯಲ್ಲಿ ಎಣಿಸಿದ್ದೆನೋ ಏನೋ. ಹಾಗಾಗಲಿಲ್ಲ. ಬೆಳಿಗ್ಗೆ ಎಂಟಕ್ಕೆ ನಾನೂ ಗಂಡನೂ ಬಾಗಿಲು ಹಾಕಿಕೊಂಡು ಕೆಲಸಕ್ಕೆ ಹೋದರೆ ಸಂಜೆ ಐದರವರೆಗೆ ಅಪ್ಪ ಒಬ್ಬರೇ. ನೋಡಿಕೊಳ್ಳಲು ಬಂದ ಮೂವರು ಹೆಂಗಸರು ಮೂರು ತಿಂಗಳಲ್ಲಿ ಬಿಟ್ಟು ಹೋಗಿದ್ದರು. ತಪ್ಪು ನನ್ನದಾದ ಮಾತ್ರಕ್ಕೆ ಇದು ಯಾವುದೂ ಬದಲಾಗುವುದಿಲ್ಲ. ನನ್ನ ತಪ್ಪಿನ ಶಿಕ್ಷೆ ಅಪ್ಪನಿಗೆ ಗ್ರಿಲ್ಲಾಗಬಾರದು, ಅಪ್ಪನಿಗಾಗಿ ಅವತ್ತು ನಾನು ಮಾಡಬಹುದಾಗಿದ್ದದ್ದು ಅಷ್ಟೇ.

ಪೆನ್ನು ತೆಗೆದುಕೊಂಡು ‘ಇಲ್ಲ’ ಎಂದು ಬರೆದೆ. ಕೆಳಗೆ ವಿವರಕ್ಕೆ ಬಿಟ್ಟ ಜಾಗದಲ್ಲಿ ಎಲ್‌ಸಿ ಎಂದರೇನು ಎಂದು ಬರೆದೆ, ತಗೊಂಡವರೇ ವಾಪಸ್ ಕೊಡಬೇಕು ಎಂದು ಬರೆದೆ. ಕೊನೆಯಲ್ಲಿ, ‘ಸುಮ್ಮನಾಗಿಸಲು ಇವರ ಹತ್ತಿರ ಈ ವಿಷಯದಲ್ಲಿ ಸುಳ್ಳು ಹೇಳಬಾರದು’ ಎಂದು ಬರೆದು ಸೈನ್ ಹಾಕಿದೆ. ಮೇಲ್ವಿಚಾರಕಿ ಎರಡು ಸಲ ಓದಿದರು. “ನಮ್ಮ ಮೇನ್ ಸ್ವಿಚ್ಚು ಬೇರೆ ಕಡೆ ಬೀಗದೊಳಗಿದೆ. ಇವರಿಗೆ ಇವರ ರೂಮಿನ ಸ್ವಿಚ್ ಬೋರ್ಡು ಸಾಕಲ್ವಾ?” ಎಂದರು. ಸಾಕು ಎಂದೆ.

ಮುಂದಿನ ಭಾಗದಲ್ಲಿ, ಬಾಗಿಲಿನ ಪಕ್ಕದ ಕೋಣೆ ಸಿಕ್ಕಿತು. ಅಪ್ಪ ಮಂಚ ನೋಡಲಿಲ್ಲ, ಕಿಟಕಿ ನೋಡಲಿಲ್ಲ, ಸ್ವಿಚ್ಚುಗಳನ್ನು ನೋಡಿದರು. ಚೀಲದಿಂದ ರಟ್ಟಿನ ಬೋರ್ಡ್ ತೆಗೆದು ಮೊಳೆ ಹುಡುಕಿದರು. ನಾನು ಬಟ್ಟೆ ಜೋಡಿಸಿ, ನೀರಿನ ಬಾಟಲಿ ಇಟ್ಟು, ಹೊರಡಲು ಎದ್ದೆ.

“ಎಲ್ಲಿಗೆ ಮಗ?”

“ಕೆಲಸಕ್ಕೆ ಅಪ್ಪ.”

“ಎಲ್‌ಸಿ ತಗೊಂಡ್ಯಾ?”

ಇಲ್ಲ ಎಂದರೆ ಬಿಡುತ್ತಿರಲಿಲ್ಲ. ಕೊಡಪ್ಪ ಎಂದೆ. ಅವರು ಡೈರಿ ತೆಗೆದು ‘ಮಗಳು’ ಎಂದು ಬರೆದರು, ಗೋಡೆ ಗಡಿಯಾರ ನೋಡಿ ಹೊತ್ತು ಬರೆದರು, ನನ್ನ ಸೈನ್ ಹಾಕಿಸಿಕೊಂಡರು. ಫ್ಯಾನು, ಲೈಟು ಎರಡೂ ಆರಿಸಿ ಬೋರ್ಡ್ ನೇತುಹಾಕಿದರು. “ಇಳಿದ್ಮೇಲೆ ನೀನೇ ಬಂದು ಹೇಳ್ಬೇಕು. ಇನ್ನೊಬ್ರ ಕೈಲಿ ಹೇಳ್ಕಳಿಸ್ಬೇಡ,” ಎಂದರು. ಅರ್ಧ ಗಂಟೆಯಲ್ಲಿ ಮರೆಯುತ್ತಾರೆ ಎಂದುಕೊಂಡು ಬಸ್ಸು ಹತ್ತಿದೆ. ಹದಿನೈದು ದಿನ ಯಾರೂ ನೋಡಲು ಬರಬೇಡಿ, ಹೊಂದಿಕೊಳ್ಳಲಿ ಎಂದು ಮೇಲ್ವಿಚಾರಕಿ ಹೇಳಿದ್ದರು. ಆ ಮಾತು ಕೇಳಿ ನನಗೆ ಹಗುರವಾಗಿತ್ತು, ಅದನ್ನೂ ಹೇಳಿಬಿಡಬೇಕು.

ಆರನೇ ದಿನ ಅವರೇ ಫೋನ್ ಮಾಡಿದರು. ಏಪ್ರಿಲ್ ತಿಂಗಳು, ಕೋಣೆ ಕಾದ ಹೆಂಚಾಗಿದೆ, ನಿಮ್ಮ ತಂದೆ ಫ್ಯಾನ್ ಹಾಕಲು ಬಿಡುತ್ತಿಲ್ಲ. ಸ್ವಿಚ್ ಬೋರ್ಡಿಗೆ ಅಡ್ಡ ಕುರ್ಚಿ ಹಾಕಿ ಕೂತಿರುತ್ತಾರೆ, ಬೆವರಿನಲ್ಲಿ ಬನಿಯನ್ ನೆನೆದಿರುತ್ತದೆ. ಊಟಕ್ಕೆ ಕರೆದರೆ ತಟ್ಟೆ ಅಲ್ಲಿಗೇ ತನ್ನಿ ಅನ್ನುತ್ತಾರೆ. ಕೆಲಸದವರು ಹೋಗಿ ಎಲ್‌ಸಿ ವಾಪಸ್ ಅಂದರೆ ಡೈರಿ ತೆಗೆದು ನೋಡಿ, “ನೀನಲ್ಲ ತಗೊಂಡಿದ್ದು,” ಅನ್ನುತ್ತಾರೆ.

“‘ನಾವೇ ತಗೊಂಡಿದ್ದು ಅಂತ ಹೇಳ್ತೀವಿ’ ಅಂದ್ರು ನಮ್ಮ ಹುಡುಗೀರು,” ಎಂದರು ಆಕೆ. “ನಾನೇ ಬೇಡ ಅಂದೆ. ನೀವು ಬರೆದುಕೊಟ್ಟಿದೀರಲ್ಲ.”

ಶಾಲೆಗೆ ಅರ್ಧ ದಿನ ರಜೆ ಹಾಕಿ ಹೋದೆ. ಅಪ್ಪ ಕುರ್ಚಿಯಲ್ಲಿದ್ದರು. ಬಾಗಿಲಲ್ಲಿ ನಿಂತ ನನ್ನನ್ನು ನೋಡಿದರು, ಗುರುತು ಹತ್ತಲಿಲ್ಲ. ಆರು ದಿನಕ್ಕೆ ಮಗಳು ಮರೆತುಹೋಗಿದ್ದಳು, ಮಗಳಿಗೆ ಕೊಟ್ಟ ಎಲ್‌ಸಿ ಮರೆತಿರಲಿಲ್ಲ. ಅಪ್ಪಾ ಎನ್ನಲು ಹೋಗಿ ಬಿಟ್ಟೆ. ಗಂಡ ಮೊದಲ ದಿನ ನಿಂತ ಹಾಗೆ ನೆಟ್ಟಗೆ ನಿಂತೆ.

“ಎಲ್‌ಸಿ ವಾಪಸ್ ಕೊಡೋಕ್ ಬಂದಿದೀನಿ ಸಾರ್.”

ಅವರು ಡೈರಿ ತೆರೆದು ಬೆರಳಿಟ್ಟು ಓದಿದರು. “ಮಗಳು. ನೀನೇನಾ?”

“ನಾನೇ ಸಾರ್.”

“ಆಳು ಇಳಿದ್ರಾ?”

“ಇಳಿದ್ರು.”

“ಕಣ್ಣಾರೆ ಕಂಡ್ಯಾ?”

“ಮೇಲಿದ್ದದ್ದು ನಾನೇ ಸಾರ್. ನಾನೇ ಇಳಿದೆ.”

ಅಪ್ಪ ಎದ್ದರು. ನನ್ನ ಎರಡೂ ಕೈ ಹಿಡಿದು, ಅಂಗೈ ತಿರುಗಿಸಿ, ಬೆಳಕಿಗೆ ಹಿಡಿದು ಒಂದೊಂದೇ ಬೆರಳು ನೋಡಿದರು. ಒಲೆಯ ಹತ್ತಿರ ಆದ ಒಂದು ಹಳೆಯ ಸುಟ್ಟ ಕಲೆಯ ಮೇಲೆ ಹೆಬ್ಬೆರಳಿನಿಂದ ಉಜ್ಜಿ, ಹಳೆಯದು ಎಂದು ಗೊತ್ತಾದ ಮೇಲೆ ಬಿಟ್ಟರು. ನನಗೆ ಅಳು ಬಂತು, ಅವರಿಗೆ ಅದು ಕಾಣಿಸಲಿಲ್ಲ. ಕೆಲಸದಲ್ಲಿದ್ದರು.

“ಎಲ್ಲಾ ನೆಟ್ಟಗಿದೆ. ಸೈನ್ ಹಾಕು.”

ಹಾಕಿದೆ. ಅವರು ಹೊತ್ತು ಬರೆದರು, ಬೋರ್ಡ್ ತೆಗೆದರು, ಸ್ವಿಚ್ ಹಾಕಿದರು. ಫ್ಯಾನು ತಿರುಗಿತು. ಮಂಚದ ಮೇಲೆ ಕೂತು, ಬನಿಯನ್ನನ್ನು ಎದೆಯಿಂದ ಸ್ವಲ್ಪ ಎತ್ತಿ ಹಿಡಿದು ಗಾಳಿಗೆ ಕಣ್ಣು ಮುಚ್ಚಿದರು. “ಹೋಗಮ್ಮ ಮನೆಗೆ. ಮನೇಲಿ ಕಾಯ್ತಿರ್ತಾರೆ,” ಎಂದರು.

ಬಾಗಿಲವರೆಗೆ ಬಂದು ನಿಂತೆ. ಇನ್ನೊಂದು ಎಲ್‌ಸಿ ಕೇಳಿದರೆ ಅವರು ಕೊಡುತ್ತಾರೆ, ಫ್ಯಾನ್ ಆರಿಸಿ ಕೂತು, ನಾನು ಮತ್ತೆ ಬರುವವರೆಗೆ ಕುರ್ಚಿ ಬಿಟ್ಟು ಏಳುವುದಿಲ್ಲ ಎಂದು ಗೊತ್ತಿತ್ತು. ಈ ಲೋಕದಲ್ಲಿ ಅಪ್ಪ ನನಗಾಗಿ ಕಾಯುವುದಕ್ಕೆ ಉಳಿದಿದ್ದ ದಾರಿ ಅದೊಂದೇ. ಹೊರಗೆ ಬಿಸಿಲು ಹೊಡೆಯುತ್ತಿತ್ತು. ನಾನು ಕೇಳಲಿಲ್ಲ.